ಅಟ್ಟದಿಂದ ಇಳಿದ ತೊಟ್ಟಿಲು: ಮುಗ್ಗು ವಾಸನೆಯ ಒಂದು ಇತಿಹಾಸ



ನಮ್ಮ ಮಂದ್ರೂಪ ಎರಡು ಹೊಳೆಗಳ ನಡುವಿನ ಊರು. ಸೊಲ್ಲಾಪುರದಿಂದ ವಿಜಯಪುರದ ರಸ್ತೆ ಹಿಡಿದು ಬಂದರೆ ವಡಕಬಾಳದ ಹತ್ತಿರ ಸೀನಾ ದಾಟಬೇಕು. ನಮ್ಮೂರನ್ನು ದಾಟಿ ಮುಂದೆ ಹೋದರೆ ಟಾಕಳಿಯ ಹತ್ತಿರ ಭೀಮಾ. ಅದನ್ನು ದಾಟಿದರೆ ಕರ್ನಾಟಕ. ಈ ಎರಡೂ ಹೊಳೆಗಳು ಕೂಡುವುದು ನಮ್ಮ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ ಕೂಡಲದಲ್ಲಿ. ಹೊಳೆ ಎರಡಿದ್ದರೂ ನಮ್ಮದು ಬರದ ಸೀಮೆ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನಲ್ಲೇ ಬೀಳುತ್ತದೆ. ಉಳಿದ ದಿನಗಳಲ್ಲಿ ಬಿಸಿಲೇ ನಮ್ಮ ಆಸ್ತಿ!

ಆದರೆ 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಸೀನಾ ಉಕ್ಕಿ ದಂಡೆಯ ಹಳ್ಳಿಗಳಿಗೆ ನುಗ್ಗಿತು, ಹೆದ್ದಾರಿಯೂ ಬಂದಾಯಿತು. ನೀರು ಇಳಿದ ಮೇಲೆ ಮನೆಗಳಲ್ಲಿ ಉಳಿದದ್ದು ಕೆಸರು ಮತ್ತು ವಾಸನೆ. ಕೆಸರನ್ನು ಒಂದು ವಾರದಲ್ಲಿ ತೆಗೆದರು. ವಾಸನೆ ಮಾತ್ರ ದೀಪಾವಳಿ ದಾಟಿದರೂ ಹೋಗಲಿಲ್ಲ.

ಒಂದು ದಿನ ಇತಿಹಾಸದ ಪಾಠ ಮುಗಿಸಿ ನಾವು ಹೊರಗೆ ಬರುತ್ತಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬ ಹಿಂದೆ ಬಂದು ಕೇಳಿದ: "ಸರ್, ನಮ್ಮ ಮನ್ಯಾಗಿನ ತೊಟ್ಟಿಲ ಭಾಳ ವಾಸನಿ ಹೊಡ್ಯಾಕತ್ತೈತ್ರಿ. ಅಕ್ಕ ಹೆರಿಗಿಗೆ ಬಂದಾಳ್ರಿ. ಆಯಿ ಅದ ತೊಟ್ಟಿಲದಾಗ ಹಾಕಬೇಕಂತಾಳ, ಅಪ್ಪ ಸುಟ್ಟಬಿಡ್ರಿ ಅಂತಾನ. ಏನ್ ಮಾಡೂದ್ರಿ?"

ಇತಿಹಾಸದ ಮಾಸ್ತರರಿಗೆ ಕೇಳುವ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಇದು ಇತಿಹಾಸದ ಪ್ರಶ್ನೆಯೇ ಸರಿ. ಮುಗ್ಗು ವಾಸನೆಯನ್ನು ಮನುಷ್ಯ ಎಂದಿನಿಂದ ಓಡಿಸುತ್ತ ಬಂದಿದ್ದಾನೆ, ಯಾವುದರಿಂದ ಓಡಿಸಿದ, ಎಲ್ಲಿ ಗೆದ್ದ, ಎಲ್ಲಿ ಎಡವಿದ ಎಂಬುದು ತಿಳಿಯದಿದ್ದರೆ ಈ ಹುಡುಗನಿಗೆ ಸರಿಯಾದ ಉತ್ತರ ಕೊಡಲಾಗದು. ಎಡವಿದವರಲ್ಲಿ ನಾವೂ ಇದ್ದೇವೆ. ಅದನ್ನೂ ಮುಚ್ಚಿಡದೆ ಹೇಳುತ್ತೇವೆ.

ತೊಟ್ಟಿಲು ಎಂಬ ಆಸ್ತಿ

ನಮ್ಮ ಕಡೆ ತೊಟ್ಟಿಲು ಒಬ್ಬರ ವಸ್ತುವಲ್ಲ, ಇಡೀ ಬಳಗದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ಹೆಸರಿಡುವ ದಿನ ಕೂಸನ್ನು ತೊಟ್ಟಿಲಿಗೆ ಹಾಕುವುದು ದೊಡ್ಡ ಕಾರ್ಯ. ಮರಾಠಿ ಮಾತಾಡುವ ನೆರೆಹೊರೆಯವರು ಪಾಳಣಾ ಎನ್ನುತ್ತಾರೆ, ನಾವು ತೊಟ್ಟಿಲು ಎನ್ನುತ್ತೇವೆ. ಎರಡೂ ಮನೆಯ ಹೆಂಗಸರು ಒಂದೇ ತೊಟ್ಟಿಲಿನ ಸುತ್ತ ನಿಂತು ತಮ್ಮ ತಮ್ಮ ಭಾಷೆಯಲ್ಲಿ ಜೋಗುಳ ಹಾಡುತ್ತಾರೆ. ಖಾಲಿ ತೊಟ್ಟಿಲು ತೂಗಬಾರದು ಎಂದು ಮಕ್ಕಳನ್ನು ಗದರಿಸುವುದೂ ಎರಡೂ ಮನೆಯಲ್ಲಿ ಉಂಟು. ಕೂಸು ಬೆಳೆದು ತೊಟ್ಟಿಲಿಗೆ ಸಾಲದಾದಾಗ ಅದನ್ನು ಬಿಚ್ಚಿ ಅಟ್ಟಕ್ಕೆ ಏರಿಸುತ್ತಾರೆ. ಮುಂದಿನ ಹೆರಿಗೆಗೆ ಮತ್ತೆ ಇಳಿಸುತ್ತಾರೆ. ನಡುವೆ ಎರಡು ವರ್ಷ ಹೋಗಬಹುದು, ಇಪ್ಪತ್ತು ವರ್ಷವೂ ಹೋಗಬಹುದು. ಮುಗ್ಗು ವಾಸನೆ ಹುಟ್ಟುವುದು ಈ ನಡುವಿನ ಕಾಲದಲ್ಲಿ.

ಹಿಂದೆ ತೊಟ್ಟಿಲನ್ನು ಮಾಡುತ್ತಿದ್ದವರು ಊರಿನ ಬಡಿಗೇರರು. ನಮ್ಮ ಸೀಮೆಯ ಹನ್ನೆರಡು ಬಲುತೇದಾರರಲ್ಲಿ ಬಡಿಗನೂ ಒಬ್ಬ. ಅನುಕೂಲ ಇದ್ದವರಿಗೆ ಸಾಗವಾನಿ, ಇಲ್ಲದವರಿಗೆ ಬೇವು ಅಥವಾ ಜಾಲಿ. ಕಟ್ಟಿಗೆಯೂ ಇಲ್ಲದ ಮನೆಯಲ್ಲಿ ಹಳೆಯ ಇಳಕಲ್ ಸೀರೆಯನ್ನೇ ತೊಲೆಗೆ ಕಟ್ಟಿ ಜೋಳಿಗೆ ಮಾಡುತ್ತಿದ್ದರು. ಶ್ರೀಮಂತರ ಮನೆಗೆ ಧಾರವಾಡ ಜಿಲ್ಲೆಯ ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬರುತ್ತಿತ್ತು. ಕಲಘಟಗಿ ತೊಟ್ಟಿಲೆಂದರೆ ಇಂದಿಗೂ ಹೆಸರುವಾಸಿ. ಅದರ ಮೈಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ ಮುಂತಾದ ಚಿತ್ರಗಳು. ಅರಗು ಬರಿಯ ಅಂದಕ್ಕಲ್ಲ. ಅದು ಕಟ್ಟಿಗೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ ತೇವ ಸುಲಭವಾಗಿ ಒಳಗೆ ಹೋಗದಂತೆ ತಡೆಯುತ್ತದೆ. ಕೂಸಿನ ತೊಟ್ಟಿಲು ಒದ್ದೆಯಾಗದ ದಿನ ಉಂಟೇ? ಮಾಡಿದವರಿಗೆ ಅದು ಗೊತ್ತಿತ್ತು!

ಹಗೇವು ಕಲಿಸಿದ ಪಾಠ

ಮುಗ್ಗು ವಾಸನೆ ನಮ್ಮ ಹಿರಿಯರಿಗೆ ಹೊಸದಲ್ಲ. ತೊಟ್ಟಿಲಿಗಿಂತ ಮೊದಲು ಅವರು ಅದನ್ನು ಕಂಡದ್ದು ಜೋಳದಲ್ಲಿ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಪೇವ ಎನ್ನುತ್ತಾರೆ. ತುಂಬುವ ಮೊದಲು ಜೋಳವನ್ನು ಚೆನ್ನಾಗಿ ಒಣಗಿಸುತ್ತಿದ್ದರು. ಹಗೇವಿನ ತಳಕ್ಕೂ ಗೋಡೆಗೂ ಹುಲ್ಲು, ಸೊಪ್ಪೆ ಹಾಸುತ್ತಿದ್ದರು. ಆದರೂ ಗೋಡೆಗೆ ತಾಗಿದ ಜೋಳ ಮುಗ್ಗುತ್ತಿತ್ತು. ಅದನ್ನು ಬೇರೆ ತೆಗೆದು ಬಿಸಿಲಿಗೆ ಹರವುತ್ತಿದ್ದರು.

ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಮತ್ತು ಬೂಷ್ಟು ಉಸಿರಾಡಿ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಈ ಹೆಸರುಗಳು ಅವರಿಗೆ ಗೊತ್ತಿರಲಿಲ್ಲ. ಆದರೆ ಮುಗ್ಗು ವಾಸನೆ ಎಂದರೆ ಒಂದು ಸುದ್ದಿ, ಅದನ್ನು ಕೇಳಿ ನಿಲ್ಲಬೇಕು ಎಂಬುದು ಗೊತ್ತಿತ್ತು. ಹಗೇವಿನ ಬಾಯಿಗೆ ಊದುಬತ್ತಿ ಹಚ್ಚಿಟ್ಟು ವಾಸನೆ ಹೋಯಿತೆಂದು ಇಳಿದವರು ಯಾರೂ ಇರಲಾರರು. ಇದು ಈ ಲೇಖನದ ತಿರುಳು. ವಾಸನೆ ಮುಚ್ಚುವುದು ಬೇರೆ, ವಾಸನೆ ತೆಗೆಯುವುದು ಬೇರೆ.

ವಾಸನೆ ಎಲ್ಲಿಂದ ಬರುತ್ತದೆ?

ಬೂಷ್ಟು ಅಣಬೆಯ ಕುಲದ ಜೀವಿ. ಅದರ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಅವು ಬೆಳೆಯಲು ಬೇಕಾದದ್ದು ಎರಡೇ: ತಿನ್ನಲು ಏನಾದರೂ, ಕುಡಿಯಲು ತೇವ. ಕಟ್ಟಿಗೆ, ಹತ್ತಿ, ಗಂಜಿ, ಚೆಲ್ಲಿದ ಹಾಲು, ಮೈಯ ಎಣ್ಣೆ ಎಲ್ಲವೂ ಅದಕ್ಕೆ ಊಟವೇ. ಹೀಗಾಗಿ ಊಟವನ್ನು ತಪ್ಪಿಸುವುದು ಕಷ್ಟ, ನೀರನ್ನು ತಪ್ಪಿಸುವುದು ಸಾಧ್ಯ. ಗಾಳಿಯಲ್ಲಿನ ತೇವಾಂಶ ನೂರಕ್ಕೆ 70 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಅನುಕೂಲ. ನೆನೆದ ವಸ್ತುವನ್ನು ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಅದು ಬೆಳೆಯತೊಡಗುತ್ತದೆ.

ಬೆಳೆಯುವಾಗ ಅದು ಗಾಳಿಗೆ ಬಿಡುವ ಆವಿಗಳೇ ಮುಗ್ಗು ವಾಸನೆ. ಅವುಗಳಲ್ಲೊಂದನ್ನು ಜಪಾನಿನ ವಿಜ್ಞಾನಿ ಮುರಾಹಾಶಿ 1930ರ ದಶಕದಲ್ಲಿ ಮಾತ್ಸುತಾಕೆ ಎಂಬ ಅಣಬೆಯಿಂದ ಬೇರ್ಪಡಿಸಿದರು. ಮಣ್ಣಿನ ವಾಸನೆ ಕೊಡುವ ಇನ್ನೊಂದು ವಸ್ತುವಿಗೆ 1965ರಲ್ಲಿ ಜಿಯೋಸ್ಮಿನ್ ಎಂದು ಹೆಸರಿಟ್ಟರು. ಅದನ್ನು ಹೆಚ್ಚಾಗಿ ತಯಾರಿಸುವುದು ಮಣ್ಣಿನ ಬ್ಯಾಕ್ಟೀರಿಯಾಗಳು. ಮೊದಲ ಮಳೆಗೆ ನಮ್ಮ ಎರೆಮಣ್ಣು ಬೀರುವ ಘಮದಲ್ಲಿ ಇರುವುದೂ ಅದೇ. ಹೊಲದಲ್ಲಿ ಅದು ಹಬ್ಬದ ಸುದ್ದಿ, ತೊಟ್ಟಿಲಿನಲ್ಲಿ ಮಾತ್ರ ತೇವ ನಿಂತಿದೆ ಎಂಬ ದೂರು.

ಸೊಲ್ಲಾಪುರದವರಾದ ನಮಗೆ ಈ ಕಥೆಯ ಇನ್ನೊಂದು ಎಳೆ ಹತ್ತಿರದ್ದು. ನಮ್ಮದು ನೇಕಾರರ ನಾಡು. ಸೊಲ್ಲಾಪುರದ ಹಳೆಯ ಗಿರಣಿ ಶುರುವಾದದ್ದು 1877ರಲ್ಲಿ. ಆ ಕಾಲಕ್ಕೆ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿ ಮಾಲೀಕರು ಬೂಷ್ಟಿನ ಕಾಟದಿಂದ ತಲೆಯ ಮೇಲೆ ಕೈ ಹೊತ್ತಿದ್ದರು. ಬಟ್ಟೆ ತೂಕ ಬರಲೆಂದು ನೂಲಿಗೆ ಹಿಟ್ಟಿನ ಗಂಜಿ, ಬಿಳಿಮಣ್ಣು ಯಥೇಚ್ಛ ಮೆತ್ತುತ್ತಿದ್ದರು. ಹಡಗಿನಲ್ಲಿ ಭಾರತಕ್ಕೆ ಬರುವಷ್ಟರಲ್ಲಿ ಆ ಗಂಜಿಗೆ ಬೂಷ್ಟು ಹಿಡಿದು ಥಾನುಗಟ್ಟಲೆ ಬಟ್ಟೆ ಕೆಡುತ್ತಿತ್ತು. ಅದನ್ನು ತಡೆಯಲು ಜಿಂಕ್ ಕ್ಲೋರೈಡ್ ಬೆರೆಸಿದರು, ಈ ವಿಷಯದ ಮೇಲೆ ಪುಸ್ತಕಗಳನ್ನೇ ಬರೆದರು. ನಮ್ಮ ನೇಕಾರರ ಮನೆಯ ಅಜ್ಜಿಯರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಗಂಜಿ ಹಾಕಿದ ಬಟ್ಟೆ ಕಟ್ಟಿಡಬಾರದು. ತೊಟ್ಟಿಲಿನ ಹಾಸು, ಕುಂಚಿಗೆ, ದುಪಟಿಗಳನ್ನು ಎತ್ತಿಡುವ ಮೊದಲು ಗಂಜಿ ಹೋಗುವಂತೆ ಒಗೆದು ಗರಿಗರಿಯಾಗಿ ಒಣಗಿಸಿ ಇಡಬೇಕು ಎಂಬುದಕ್ಕೆ ಇದೇ ಕಾರಣ.

ವಾಸನೆಯಿಂದ ಹುಟ್ಟಿದ ಒಂದು ದೊಡ್ಡ ಶೋಧ

ವಾಸನೆ, ತಾಯಿ, ಕೂಸು ಈ ಮೂರೂ ಒಂದು ಕಡೆ ಸೇರಿದ ಒಂದು ಘಟನೆಯನ್ನು ನಾವು ತರಗತಿಯಲ್ಲಿ ತಪ್ಪದೆ ಹೇಳುತ್ತೇವೆ. 1847ರಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಬಾಣಂತಿಯರು ಜ್ವರದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಹೆಣ ಕೊಯ್ದು ಕಲಿಯುತ್ತಿದ್ದ ವೈದ್ಯರು ಅದೇ ಕೈಯಿಂದ ಬಂದು ಹೆರಿಗೆ ಮಾಡಿಸುತ್ತಿದ್ದರು. ಸೋಪಿನಿಂದ ತೊಳೆದರೂ ಕೈಯ ಹೆಣದ ವಾಸನೆ ಹೋಗುತ್ತಿರಲಿಲ್ಲ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಆ ವಾಸನೆಯನ್ನು ಹೋಗಲಾಡಿಸುತ್ತದೆ ಎಂಬ ಕಾರಣಕ್ಕೇ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ಸಿದ್ಧಾಂತ ಆಗ ಇನ್ನೂ ನೆಲೆಗೊಂಡಿರಲಿಲ್ಲ. ವಾಸನೆಯ ಸುದ್ದಿಯನ್ನು ಕೇಳಿಸಿಕೊಂಡು ಅದರ ಮೂಲವನ್ನೇ ತೊಳೆದದ್ದರಿಂದ ಜೀವ ಉಳಿಯಿತು. ಅತ್ತರು ಹಚ್ಚಿಕೊಂಡಿದ್ದರೆ ಒಂದು ಜೀವವೂ ಉಳಿಯುತ್ತಿರಲಿಲ್ಲ.

ನಮ್ಮ ಗ್ರಾಮ ಪಂಚಾಯತಿಯವರು ಬಾವಿಗೆ, ಗಟಾರಿಗೆ ಹಾಕುವ ಟಿ.ಸಿ.ಎಲ್. ಪಾವಡರ್ ಅದೇ ಬ್ಲೀಚಿಂಗ್ ಪುಡಿಯ ವಂಶದ್ದು.

ಬಿಸಿಲಿಗೂ ಒಂದು ಇತಿಹಾಸ ಉಂಟು. ಸೊಲ್ಲಾಪುರದ ಗಿರಣಿ ಶುರುವಾದ ಆ 1877ರಲ್ಲೇ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು ಸೂರ್ಯನ ಬೆಳಕು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರಕಾರದವರು ಮನೆಗಳಿಗೆ ಸುಣ್ಣ ಹೊಡೆಸಿದರು, ಬೆಳಕು ಗಾಳಿ ಬರಲೆಂದು ಛಾವಣಿಯನ್ನೂ ತೆರೆಸಿದರು. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ಮಾತ್ರ ಇವರು ಯಾರೂ ಹೇಳುವ ಮೊದಲೇ ಅಲ್ಲಿತ್ತು.

ಮುಚ್ಚುವ ಮದ್ದುಗಳು

ಇನ್ನು ಎಡವಿದ ಕಥೆ. ವಾಸನೆಯನ್ನು ತೆಗೆಯದೆ ಮುಚ್ಚುವ, ಹುಳುವನ್ನು ಓಡಿಸುವ ಮದ್ದುಗಳು ಇಪ್ಪತ್ತನೆಯ ಶತಮಾನದಲ್ಲಿ ಪೇಟೆ ತುಂಬ ಬಂದವು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಪೌಲ್ ಮುಲ್ಲರ್ ಕಂಡದ್ದು 1939ರಲ್ಲಿ, ಅದಕ್ಕೆ ಅವನಿಗೆ ನೊಬೆಲ್ ಸಿಕ್ಕದ್ದು 1948ರಲ್ಲಿ. ನಮ್ಮ ದೇಶದಲ್ಲಿ 1953ರಿಂದ ಮಲೇರಿಯಾ ನಿಯಂತ್ರಣಕ್ಕೆಂದು ಮನೆಮನೆಯ ಗೋಡೆಗೆ ಅದನ್ನು ಸಿಂಪಡಿಸಿದರು. ಅದರಿಂದ ಮಲೇರಿಯಾ ತಗ್ಗಿದ್ದು ನಿಜ. ಆದರೆ ಬಿಳಿಯ ಪುಡಿ ಎಂದರೆ ಎಲ್ಲದಕ್ಕೂ ಮದ್ದು ಎಂಬ ನಂಬಿಕೆಯೂ ಅದರ ಜೊತೆ ಬಂತು. ಕಾಳಿಗೆ, ಅಟ್ಟಕ್ಕೆ, ಹಾಸಿಗೆಯ ಕೆಳಗೆ ಡಿ.ಡಿ.ಟಿ., ಗ್ಯಾಮಾಕ್ಸಿನ್ ಉದುರಿಸಿದ ಮನೆಗಳು ಎಷ್ಟೋ. ಗ್ಯಾಮಾಕ್ಸಿನ್ ಎಂಬ ಬಿ.ಎಚ್.ಸಿ.ಯನ್ನು 1997ರಲ್ಲಿ ಸರಕಾರ ನಿಷೇಧಿಸಿತು. ಅಟ್ಟದ ಮೂಲೆಯಲ್ಲಿ ಹಳೆಯ ಪುಡಿಯ ಡಬ್ಬಿ ಕಂಡರೆ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಅದು ಉದುರಿದ ಅಟ್ಟದಲ್ಲಿದ್ದ ತೊಟ್ಟಿಲನ್ನು ಒರೆಸದೆ ಬಳಸಬೇಡಿ.

ಎರಡನೆಯದು ಡಾಂಬರ ಗುಳಿಗೆ. ಈ ಹೆಸರಿನಲ್ಲೇ ಅದರ ಇತಿಹಾಸ ಅಡಗಿದೆ. ಕಲ್ಲಿದ್ದಲಿನಿಂದ ಬರುವ ಡಾಂಬರಿನಲ್ಲಿ ಸಿಕ್ಕ ಬಿಳಿಯ ಹರಳಿಗೆ 1821ರಲ್ಲಿ ಜಾನ್ ಕಿಡ್ ಎಂಬ ವಿಜ್ಞಾನಿ ನ್ಯಾಫ್ತಲೀನ್ ಎಂದು ಹೆಸರಿಟ್ಟ. ಇಂಗ್ಲಿಷರು ಅದರ ಗುಳಿಗೆಗೆ ನುಸಿಯ ಹೆಸರು ಕೊಟ್ಟರೆ, ಮರಾಠಿಯವರೂ ಗಡಿನಾಡ ಕನ್ನಡಿಗರಾದ ನಾವೂ ಡಾಂಬರಿನ ಹೆಸರನ್ನೇ ಉಳಿಸಿಕೊಂಡೆವು. ಇಂದಿಗೂ ಬಟ್ಟೆಯ ಟ್ರಂಕಿನಲ್ಲಿ ಅದು ಇಲ್ಲದ ಮನೆ ಕಡಿಮೆ.

ನಮ್ಮ ಮನೆಯಲ್ಲೂ ಇತ್ತು. ನಮ್ಮ ಮೊದಲ ಕೂಸು ಹುಟ್ಟಿದಾಗ ಹಿರಿಯರ ತೊಟ್ಟಿಲು ಅಟ್ಟದಿಂದ ಇಳಿಯಿತು. ಜೊತೆಗೆ ಟ್ರಂಕಿನ ಬಟ್ಟೆಗಳೂ ಬಂದವು. ಮುಗ್ಗು ವಾಸನೆ ಹೋಗಲೆಂದು ನಾವೇ ನಾಲ್ಕು ಡಾಂಬರ ಗುಳಿಗೆ ತಂದು ಹಾಸಿನ ಕೆಳಗೆ ಇಟ್ಟೆವು. ಮನೆ ತುಂಬ ಗುಳಿಗೆಯ ವಾಸನೆ, ಮುಗ್ಗು ವಾಸನೆ ಕಾಣೆ! ನಮಗೆ ಸಮಾಧಾನ. ಕೆಲವು ದಿನಗಳಲ್ಲಿ ಕೂಸಿನ ಕಣ್ಣು ಹಳದಿಯಾಯಿತು. ಕರೆದುಕೊಂಡು ಹೋದಾಗ ಡಾಕ್ಟರರು ಕೂಸನ್ನು ಮೂಗಿನ ಹತ್ತಿರ ಹಿಡಿದು ಕೇಳಿದ ಮೊದಲ ಪ್ರಶ್ನೆ, "ಬಟ್ಟಿ ಯಾವುದರಾಗ ಇಟ್ಟಿದ್ರಿ?" ಕಾಮಾಲೆಗೆ ಹತ್ತು ಕಾರಣ ಇರುತ್ತವೆ, ಇದರಿಂದಲೇ ಆಯಿತೆಂದು ಹೇಳಲಾರೆ, ಆದರೆ ಈ ವಾಸನೆಯಿಂದ ಕೂಸನ್ನು ದೂರ ಇಡಿ ಎಂದರು. ಕೂಸು ಗುಣವಾಯಿತು. ನಮ್ಮ ಮನಸ್ಸು ಮಾತ್ರ ಬಹಳ ದಿನ ಹಳಹಳಿಸಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂಬ ಗಾದೆಯನ್ನು ನಾವು ಎಷ್ಟು ಸಲ ಮಕ್ಕಳಿಗೆ ಬಿಡಿಸಿ ಹೇಳಿದ್ದೇವೆ. ತಿಳಿಯದೆ ನಾವೂ ಅದನ್ನೇ ಮಾಡಿದ್ದೆವು.

ಆಮೇಲೆ ಓದಿ ತಿಳಿದದ್ದು ಇದು. 1963ರಲ್ಲಿ ಗ್ರೀಸ್ ದೇಶದ ವೈದ್ಯರು 21 ನವಜಾತ ಶಿಶುಗಳ ವಿವರ ಪ್ರಕಟಿಸಿದರು. ನ್ಯಾಫ್ತಲೀನ್ ಗುಳಿಗೆಗಳ ಆವಿಯನ್ನು ಉಸಿರಾಡಿದ ಆ ಶಿಶುಗಳಲ್ಲಿ ರಕ್ತದ ಕೆಂಪುಕಣಗಳು ಒಡೆದು ತೀವ್ರ ಕಾಮಾಲೆ ಆಗಿತ್ತು. ಅವರಲ್ಲಿ ಹೆಚ್ಚಿನವರಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇತ್ತು. ಈ ಕೊರತೆ ನಮ್ಮ ದೇಶದ ಜನರಲ್ಲೂ ಇದೆ, ಗಂಡುಕೂಸುಗಳಲ್ಲಿ ಹೆಚ್ಚು. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಯಾವ ಕೂಸಿಗೂ ಡಾಂಬರ ಗುಳಿಗೆಯ ಸಹವಾಸ ಬೇಡ. ಗುಳಿಗೆಯ ಜೊತೆ ಇದ್ದ ಬಟ್ಟೆಯನ್ನು ಬರಿಯ ಗಾಳಿಗೆ ಹಿಡಿದರೆ ಸಾಲದು. ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಬಳಸಬೇಕು.

ಮೂರನೆಯದು ಹೊಗೆ. ಶೇಗಡಿಯ ಕೆಂಡಕ್ಕೆ ಲೋಬಾನ, ಓಮ, ಬೆಳ್ಳುಳ್ಳಿ ಸಿಪ್ಪೆ, ಬೇವಿನ ಎಲೆ ಹಾಕಿ ಬಾಣಂತಿಗೂ ಕೂಸಿಗೂ ಹೊಗೆ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಹಿರಿಯರ ಕಾಳಜಿಯ ಬಗ್ಗೆ ನಮಗೆ ಗೌರವ ಇದೆ. ಆದರೆ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಎಂಬುದರಲ್ಲಿ ಇಂದಿನ ವೈದ್ಯರಿಗೆ ಎರಡು ಮಾತಿಲ್ಲ. ಮುಗ್ಗು ವಾಸನೆಗೂ ಹೊಗೆಯಿಂದ ಪರಿಹಾರ ಇಲ್ಲ. ಒಂದು ವಾಸನೆಯ ಮೇಲೆ ಇನ್ನೊಂದು ಕುಳಿತುಕೊಳ್ಳುತ್ತದೆ, ಅಷ್ಟೆ.

ಹುಡುಗನ ಮನೆಯ ತೊಟ್ಟಿಲು

ಮುಂದಿನ ರವಿವಾರ ನಾವು ಆ ಹುಡುಗನ ಮನೆಗೆ ಹೋದೆವು. ಆಯಿ ಪಡಸಾಲೆಯಲ್ಲೇ ಕುಳಿತಿದ್ದರು. "ಬರ್ರಿ ಗುರುಗಳ, ನೀವರ ಹೇಳ್ರಿ ಇವಂಗ. ಇದರಾಗ ಇವರಪ್ಪ ಆಡ್ಯಾನ, ಇವ ಆಡ್ಯಾನ. ಮಗಳ ಕೂಸು ಬ್ಯಾರೆ ತೊಟ್ಟಿಲದಾಗ ಹ್ಯಾಂಗ ಮಲಗಬೇಕು?" ಬೇವಿನ ಕಟ್ಟಿಗೆಯ ಗಟ್ಟಿ ತೊಟ್ಟಿಲು. ಹೊಳೆಯ ನೀರು ಮೊಳಕಾಲುದ್ದ ಬಂದಾಗ ಎರಡು ದಿನ ಅದರಲ್ಲೇ ನಿಂತಿತ್ತು. ಆಮೇಲೆ ಪ್ಲಾಸ್ಟಿಕ್ ತಾಡಪತ್ರೆ ಸುತ್ತಿ ಸಿಮೆಂಟ್ ಸ್ಲ್ಯಾಬಿನ ಕೆಳಗಿನ ಮೂಲೆಗೆ ಇಟ್ಟಿದ್ದರು. ಅಲ್ಲೇ ತಪ್ಪಿತ್ತು. ಹಸಿಯ ಕಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿದರೆ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಅಂದು ಆಯಿ, ಹುಡುಗನ ಅಪ್ಪ, ನಾವು ಕೂಡಿ ಮಾಡಿದ ಕೆಲಸವನ್ನು ಕ್ರಮವಾಗಿ ಬರೆಯುತ್ತೇವೆ, ಇತರರಿಗೂ ಉಪಯೋಗವಾದೀತು.

ಮೊದಲು ಗಾದಿ, ಹಾಸು, ಹಗ್ಗ ಎಲ್ಲ ಬಿಚ್ಚಿದೆವು. ಹೊಳೆನೀರು ಕುಡಿದ ಹತ್ತಿಯ ಗಾದಿಯನ್ನು ಎಸೆದೆವು. ಆಯಿಗೆ ಬೇಸರವಾಯಿತು, ಆದರೆ ನೆರೆಯ ನೀರಿನಲ್ಲಿ ಗಟಾರದ ಹೊಲಸೂ ಬೆರೆತಿರುತ್ತದೆ, ಹತ್ತಿಯ ಒಳಗಿಂದ ಅದನ್ನು ತೆಗೆಯಲಾಗದು. ಸ್ಪಂಜಿನ ಗಾದಿಯಾದರೂ ಅಷ್ಟೆ. ಹಗ್ಗವನ್ನೂ ಹೊಸದು ತರಲು ಹೇಳಿದೆವು. ಕೊಳೆತ ಹಗ್ಗ ಒಂದು ದಿನ ಹರಿಯದೆ ಇರದು.

ತೊಟ್ಟಿಲನ್ನು ಅಂಗಳಕ್ಕೆ ತಂದೆವು. ಬಸುರಿ ಹೆಣ್ಣುಮಗಳು ಮತ್ತು ಮಕ್ಕಳು ಒಳಗೆ. ನಾವು ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಂಡೆವು. ಒಣ ಬ್ರಷ್ಷಿನಿಂದ ಉಜ್ಜಿದರೆ ಬೀಜಾಣುಗಳು ಹಾರಿ ಎಲ್ಲೆಡೆ ಹರಡುತ್ತವೆ. ಆದ್ದರಿಂದ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒರೆಸಿದೆವು. ತಳ, ಸಂದು, ಕೀಲು, ಕಾಲುಗಳ ಕೆಳಭಾಗ ಇವನ್ನು ಮರೆಯಬಾರದು, ವಾಸನೆಯ ಬೇರು ಅಲ್ಲೇ ಇರುತ್ತದೆ. ಕೊಡಗಟ್ಟಲೆ ನೀರು ಸುರಿದು ತೊಳೆದರೆ ಕಟ್ಟಿಗೆ ಮತ್ತೆ ನೀರು ಕುಡಿಯುತ್ತದೆ. ಆಮೇಲೆ ಸ್ವಚ್ಛ ನೀರಿನ ಅರಿವೆ, ಕೊನೆಗೆ ಒಣ ಅರಿವೆ.

ಹುಡುಗನ ಅಪ್ಪ ಟಿ.ಸಿ.ಎಲ್. ಪಾವಡರ್ ತಂದಿಟ್ಟಿದ್ದರು. ಅದನ್ನು ಫರಸಿ ನೆಲಕ್ಕೆ, ಕಬ್ಬಿಣದ ಸರಪಳಿಗೆ ತೆಳುವಾಗಿ ಬಳಸಿ ಚೆನ್ನಾಗಿ ತೊಳೆದೆವು. ಕಟ್ಟಿಗೆಗೆ ಬೇಡ ಎಂದೆವು. ಕಟ್ಟಿಗೆಯಲ್ಲಿ ಅದು ಮೇಲಿನ ಬಣ್ಣ ತೆಗೆಯುತ್ತದೆ, ಅದರ ನೀರು ಒಳಗೆ ಇಳಿಯುತ್ತದೆ, ಒಳಗಿನ ಬೂಷ್ಟು ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಬ್ಲೀಚಿಂಗ್ ಪುಡಿಯ ಜೊತೆ ವಿನೆಗರ್, ನಿಂಬೆರಸ, ಸಂಡಾಸು ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ.

ಮೊದಲ ದಿನ ತೊಟ್ಟಿಲು ಬೇವಿನ ಗಿಡದ ನೆರಳಿನಲ್ಲಿ ಗಾಳಿಗೆ ಇತ್ತು. ನೆನೆದ ಕಟ್ಟಿಗೆಯನ್ನು ಒಮ್ಮೆಲೇ ಉರಿಬಿಸಿಲಿಗೆ ಇಟ್ಟರೆ ಸೀಳುತ್ತದೆ. ಎರಡನೆಯ ದಿನದಿಂದ ಬಿಸಿಲು, ದಿನಕ್ಕೆರಡು ಸಲ ಮಗ್ಗುಲು ಬದಲಿಸುವುದು, ಇಬ್ಬನಿ ಬೀಳುವ ಮೊದಲು ಒಳಗೆ ತರುವುದು. ಹೀಗೆ ಎಂಟು ದಿನ. ಆಮೇಲೂ ಸ್ವಲ್ಪ ವಾಸನೆ ಉಳಿದಿದ್ದರೆ ತೊಟ್ಟಿಲಿನೊಳಗೆ ಒಂದು ತಟ್ಟೆಯಲ್ಲಿ ಇದ್ದಲಿ ಅಥವಾ ಅಡಿಗೆ ಸೋಡಾ ಇಟ್ಟು ಕೆಲವು ದಿನ ಬಿಡಬಹುದು. ಅವು ವಾಸನೆಯನ್ನು ಮುಚ್ಚುವುದಿಲ್ಲ, ಹೀರಿಕೊಳ್ಳುತ್ತವೆ. ಆದರೆ ಒಣಗಿದ ಮೇಲೆಯೇ ಇದು ಸಾರ್ಥಕ.

ಅರಗಿನ ಬಣ್ಣದ ತೊಟ್ಟಿಲಿಗೆ ಬೇರೆ ನಿಯಮ. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕಲಘಟಗಿಯ ತೊಟ್ಟಿಲಿದ್ದರೆ ಉರಿಬಿಸಿಲು ಬೇಡ, ಸ್ಯಾನಿಟೈಸರ್ ಖಂಡಿತ ಬೇಡ. ನೆರಳು, ಗಾಳಿ, ಮೆತ್ತಗಿನ ಅರಿವೆ ಸಾಕು. ಹಳೆಯ ಆಯಿಲ್ ಪೇಂಟ್ ಬಳಿದ ತೊಟ್ಟಿಲಿದ್ದರೆ ಪಾಲಿಶ್ ಕಾಗದದಿಂದ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ 2016ರಲ್ಲಿ ಆಗಿ 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಉಜ್ಜಿದ ಧೂಳು ಕೂಸಿನ ಮಿದುಳಿಗೆ ಕೇಡು. ಬಣ್ಣ ಸಿಬರೆದ್ದು ಉದುರುತ್ತಿದ್ದರೆ ಆ ತೊಟ್ಟಿಲು ನೆನಪಿಗೆ ಇರಲಿ, ಕೂಸಿಗೆ ಬೇಡ.

ಒಂಬತ್ತನೆಯ ದಿನ ಆಯಿಯೇ ಪರೀಕ್ಷೆ ಮಾಡಿದರು. ತೊಟ್ಟಿಲಿಗೆ ಒಂದು ದಪ್ಪ ದುಪಟಿ ಹೊದಿಸಿ ಒಂದು ರಾತ್ರಿ ಒಳಗೆ ಇಟ್ಟರು, ಮರುದಿನ ದುಪಟಿ ಎತ್ತಿ ಮೂಗು ಹಾಕಿದರು. "ಈಗ ಕಟ್ಟಿಗಿ ವಾಸನಿ ಬರತೈತಿ ನೋಡ್ರಿ" ಎಂದರು. ಆ ಮಾತೇ ಪಾಸಾದ ಗುರುತು. ಪುನಃ ಮುಗ್ಗು ವಾಸನೆ ಬಂದಿದ್ದರೆ, ಕಟ್ಟಿಗೆ ಬೆರಳಿಗೆ ಮೆತ್ತಗೆ ತಾಗುತ್ತಿದ್ದರೆ, ಅಪ್ಪನ ಮಾತೇ ಸರಿಯೆಂದು ನಾವು ಹೇಳುತ್ತಿದ್ದೆವು. ಕೂಸಿಗಿಂತ ತೊಟ್ಟಿಲು ದೊಡ್ಡದಲ್ಲ.

ಮುಂದೆ ಎತ್ತಿಡುವಾಗ

ತೊಟ್ಟಿಲನ್ನು ಎತ್ತಿಡುವುದು ಬೇಸಿಗೆಯಲ್ಲಿ, ಯುಗಾದಿಯ ನಂತರದ ಬಿಸಿಲು ಕುಡಿಸಿ. ನೆಲಕ್ಕೂ ಗೋಡೆಗೂ ತಾಗದಂತೆ ಎರಡು ಇಟ್ಟಿಗೆಯ ಮೇಲೆ. ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿಯ ಧೋತರ ಅಥವಾ ಸೊಲ್ಲಾಪುರಿ ಚಾದರ ಸಾಕು. ಬೇವಿನ ಎಲೆ ಇಡುವವರು ಪೂರ್ತಿ ಒಣಗಿದ್ದನ್ನೇ ಇಡಬೇಕು, ಹಸಿ ಎಲೆ ತಾನೇ ತೇವ ತರುತ್ತದೆ. ದಸರೆಗೆ ಮನೆ ಸಾರಿಸುವಾಗ ವರ್ಷಕ್ಕೊಮ್ಮೆ ಹೊರಗೆ ತೆಗೆದು ಗಾಳಿಗೆ ಇಡಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ದಸರೆ ಬರುತ್ತದೆ. ಮನೆಯ ಅರಿವೆ ಅಂಚಡಿ ಎಲ್ಲ ಹೊಳೆಗೆ ಒಯ್ದು ಒಗೆದು ಒಣಗಿಸುತ್ತಿದ್ದ ನಮ್ಮ ಹೆಂಗಸರು ಪ್ರತಿ ವರ್ಷ ಈ ಇತಿಹಾಸವನ್ನು ಕೈಯಿಂದಲೇ ಬರೆಯುತ್ತಿದ್ದರು. ಯಾವ ಪಠ್ಯಪುಸ್ತಕದಲ್ಲೂ ಅದು ಸೇರಲಿಲ್ಲ.

ಆ ಮನೆಯಲ್ಲಿ ಈಗ ಹೆಣ್ಣುಕೂಸು. ತೊಟ್ಟಿಲಿಗೆ ಹಾಕುವ ದಿನ ನಮಗೂ ಕರೆ ಬಂದಿತ್ತು. ಹೊಸ ಹಗ್ಗ, ಹೊಸ ಗಾದಿ, ಹಳೆಯ ತೊಟ್ಟಿಲು. ಹುಡುಗ ಹತ್ತಿರ ಬಂದು, "ಸರ್, ವಾಸನಿ ನೋಡ್ರಿ" ಎಂದ. ನೋಡಿದೆವು. ಒಗೆದ ಬಟ್ಟೆಯದು, ಬೇವಿನ ಕಟ್ಟಿಗೆಯದು, ಎಳೆಗೂಸಿನದು. ಬೇರೆ ಏನೂ ಇರಲಿಲ್ಲ.

ನಮ್ಮ ಶಾಲೆಯ ಏಳನೆಯ ತರಗತಿಯವರಿಗೆ ಈ ಸಲ ಒಂದು ಮನೆಗೆಲಸ ಕೊಟ್ಟಿದ್ದೇವೆ: ನಿಮ್ಮ ಮನೆಯ ತೊಟ್ಟಿಲನ್ನು ಯಾರು ಮಾಡಿದರು, ಯಾವ ಕಟ್ಟಿಗೆ, ಅದರಲ್ಲಿ ಯಾರು ಯಾರು ಮಲಗಿದ್ದರು, ಈಗ ಎಲ್ಲಿದೆ, ಎಂದು ಅಜ್ಜಿಯನ್ನು ಕೇಳಿ ಬರೆದು ತನ್ನಿ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಶಿಕ್ಷಕ ಬಂಧುಗಳೂ ತಮ್ಮ ಶಾಲೆಗಳಲ್ಲಿ ಇದನ್ನು ಮಾಡಿಸಿ ನೋಡಬಹುದು. ಬರೆಯುವ ಮೊದಲು ಅಟ್ಟ ಹತ್ತಿ ಒಮ್ಮೆ ಮೂಸಿ ನೋಡಲು ಹೇಳಿ. ಮುಗ್ಗು ವಾಸನೆ ಬಂದರೆ ಇನ್ನೂ ಸಮಯ ಇದೆ, ಬಿಸಿಲೂ ಇದೆ.